ಕಳರವ: ಅರ್ಥ ಮತ್ತು ಪಾಠ

ಹಳಗನ್ನಡ ಕಾವ್ಯಗಳ ವನವರ್ಣನೆಗಳಲ್ಲಿ ಹಕ್ಕಿಗಳ ದನಿಯನ್ನು ಕುರಿತು ಬರುವ ಶಬ್ದಗಳಲ್ಲಿ 'ಕಳರವ'ವೂ ಒಂದು. ಇಂದಿನ ಬರವಣಿಗೆಯಲ್ಲಿ 'ಮಕ್ಕಳ ಕಲರವ' ಎಂಬಂಥ ಪ್ರಯೋಗಗಳು ರೂಢವಾಗಿ, ಈ ಶಬ್ದಕ್ಕೆ ಗದ್ದಲವೆಂಬ ಛಾಯೆ ಅಂಟಿಕೊಂಡಿದೆ. ಅದನ್ನೇ ಪ್ರಾಚೀನ ಪದ್ಯಗಳಿಗೂ ಅನ್ವಯಿಸುವುದು ಸಾಧುವಲ್ಲ.

ಇದು 'ಕಲ', 'ರವ' ಎಂಬ ಸಂಸ್ಕೃತ ಶಬ್ದಗಳ ಸಮಾಸ. 'ರವ' ಎಂಬುದು 'ರು' ಧಾತುವಿನಿಂದ ಬಂದುದು. 'ಕಲ'ವೆಂದರೆ ಇಂಪಾಗಿದ್ದೂ ಸ್ಫುಟವಲ್ಲದ ದನಿ ಎಂಬುದು ಅಮರಕೋಶದ ಅಭಿಪ್ರಾಯ. ಗಂಭೀರಧ್ವನಿಗೆ 'ಮಂದ್ರ', ಅತ್ಯುಚ್ಚಧ್ವನಿಗೆ 'ತಾರ' ಎಂಬ ಬೇರೆ ಹೆಸರುಗಳೇ ಅಲ್ಲಿವೆ. ಕೋಲಾಹಲಕ್ಕೆ ಆ ಕೋಶವು ಹೇಳುವ ಪರ್ಯಾಯ 'ಕಲಕಲ'. ಈ ದ್ವಿರುಕ್ತ ರೂಪದ ಅರ್ಥವೇ 'ಕಲರವ'ಕ್ಕೆ ಸಂಕ್ರಮಿಸಿದಂತೆ ತೋರುತ್ತದೆ. ಬಹುವ್ರೀಹಿಯಾಗಿ 'ಕಲರವ'ವು ಪಾರಿವಾಳದ ಹೆಸರೂ ಹೌದು. ಆ ಹಕ್ಕಿಯ ಮೆಲುದನಿಯನ್ನು ಕೇಳಿದವರಿಗೆ ಮೂಲಾರ್ಥದಲ್ಲಿ ಸಂದೇಹವುಳಿಯದು. ಕನ್ನಡದ 'ಇಂಚರ' (ಇನ್+ಸರ), 'ನುಣ್ಚರ' (ನುಣ್+ಸರ) ಎಂಬುವು ಇದಕ್ಕೆ ಸಮೀಪವಾದ ಶಬ್ದಗಳು. ಮುನಿಗಳ ತಪೋವನದ ಕಳರವವನ್ನು ಗದ್ದಲವೆಂದು ವಿವರಿಸಿದರೆ ಕವಿಗೆ ಉದ್ದಿಷ್ಟವಾದ ಪ್ರಶಾಂತಿಯೇ ಕೆಡುತ್ತದೆ.

ಇನ್ನು ಪಾಠದ ವಿಚಾರ. ಓಲೆಗರಿಯಲ್ಲಿ 'ಕಳರವ' ಎಂದಿರುವುದನ್ನು ಲಿಪಿಕಾರನ ಪ್ರಮಾದವೆಂದು ಬಗೆದು 'ಕಲರವ'ವೆಂದು ತಿದ್ದಲು ಸಂಪಾದಕನಿಗೆ ಮನಸ್ಸಾಗಬಹುದು. ಆದರೆ ಸಂಸ್ಕೃತದ ಲಕಾರವು ಕನ್ನಡದಲ್ಲಿ ಳಕಾರವಾಗುವುದು ವ್ಯಾಕರಣಸಮ್ಮತ. 13ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಇದನ್ನು 'ಕ್ಷಳ'ವೆಂದು ಕರೆದು, ಕುಳ ರಳಗಳಿಂದ ಬೇರ್ಪಡಿಸಿದ್ದಾನೆ. ಪಾದದ ಮೊದಲಲ್ಲಿ ಈ ಶಬ್ದ ಬಂದರೆ ಳಕಾರವು ದ್ವಿತೀಯಾಕ್ಷರಪ್ರಾಸದ ಸ್ಥಾನದಲ್ಲಿಯೇ ನಿಲ್ಲುತ್ತದೆ. ಉಳಿದ ಪಾದಗಳು 'ಅಳಿಕುಳ', 'ನಳಿನ', 'ಮಳಯಜ' ಎಂದು ಮೊದಲಾಗಿದ್ದಲ್ಲಿ 'ಕಲರವ'ವೆಂಬ ತಿದ್ದುಪಡಿಯಿಂದ ಪ್ರಾಸಭಂಗವಾಗುತ್ತದೆ. ಪ್ರತಿಯಾಗಿ, ಅವು 'ನಲವು', 'ಒಲವು', 'ಎಲರ್' ಎಂದು ಮೊದಲಾಗಿದ್ದರೆ 'ಕಲರವ'ವೇ ಗ್ರಾಹ್ಯ. ಆಗ ಪ್ರತಿಯಲ್ಲಿ ಳಕಾರವಿದ್ದರೆ ಅದು ಲಿಪಿಕಾರನ ಅಭ್ಯಾಸಬಲದಿಂದ ಬಂದುದೆನ್ನಬೇಕು.

ಪ್ರಾಸಸ್ಥಾನದಲ್ಲಿಲ್ಲದ ಕಡೆ ಪ್ರತಿಯ ರೂಪವನ್ನೇ ಉಳಿಸಿಕೊಂಡು, ಪಾಠಾಂತರವಿದ್ದರೆ ಅಡಿಯಲ್ಲಿ ಸೂಚಿಸುವುದು ಯುಕ್ತ. ಸಂಸ್ಕೃತಕೋಶದ ರೂಪವು ಅರ್ಥನಿರ್ಣಯಕ್ಕೆ ಪ್ರಮಾಣವಾಗಬಲ್ಲದೇ ಹೊರತು, ಕನ್ನಡ ಕವಿಯ ಬರಹವನ್ನು ತಿದ್ದಲು ಪ್ರಮಾಣವಲ್ಲ. ಗ್ರಂಥಸಂಪಾದನೆಯಲ್ಲಿ ತೊಡಗಿರುವ ವಿದ್ವಾಂಸರು ಈ ಅಂಶವನ್ನು ಪರಾಮರ್ಶಿಸಬೇಕಾಗಿ ವಿನಂತಿ.