ಹುಳುವಿನ ಗಂಟಲು ನೋಡದೆ ಹೆಸರು ಹೇಳಬೇಡಿ

ಕಡಲ ಬಿರುಗೂದಲ ಹುಳುವನ್ನು ಬಣ್ಣ ನೋಡಿ ಗುರುತಿಸುವವರ ಮಾತು ನನಗೆ ರುಚಿಸುವುದಿಲ್ಲ. ಸ್ಪಿರಿಟ್ಟಿಗೆ ಬಿದ್ದ ಮೇಲೆ ಹಸಿರಿನದೂ ಕೆಂಪಿನದೂ ಬಿಳಚಿಕೊಂಡು ಒಂದೇ ಆಗುತ್ತವೆ. ಉದ್ದ ಅಳೆಯುವುದೂ ಅಷ್ಟಕ್ಕಷ್ಟೆ: ಬಾಲ ತುಂಡಾಗಿ ಮತ್ತೆ ಚಿಗುರಿದ ಹುಳುಗಳು ಬೇಕಾದಷ್ಟು ಸಿಗುತ್ತವೆ. ಹೆಸರಿಟ್ಟ ಪ್ರಭೇದಗಳೇ ಹತ್ತು ಸಾವಿರ ದಾಟಿರುವ ಈ ಪಾಲಿಕೀಟ ಬಳಗದಲ್ಲಿ ನಂಬಬೇಕಾದದ್ದು ತಲೆ, ಗಂಟಲು, ಕಾಲು, ಕೂದಲು, ಇಷ್ಟನ್ನೇ.

ಕುಟುಂಬ ಹಿಡಿಯಲು ಹ್ಯಾಂಡ್ ಲೆನ್ಸ್ ಸಾಕು. ಬೆನ್ನ ಮೇಲೆ ಹುರುಪೆಗಳನ್ನು ಜೋಡಿಸಿಕೊಂಡಿದ್ದರೆ ಪಾಲಿನಾಯ್ಡ್. ಉಂಗುರ ಉಂಗುರವಾದ ಚೂಪು ಮೂತಿಯಿದ್ದು, ಹೊರಚಾಚಿದ ಗಂಟಲ ತುದಿಯಲ್ಲಿ ನಾಲ್ಕು ಕಪ್ಪು ದವಡೆ ಕಂಡರೆ ಗ್ಲೈಸೆರಾ. ಅದರ ದವಡೆಯಲ್ಲಿ ತಾಮ್ರವಿದೆ. ಮುಂದೆ ಹೇಳಲಿರುವ ನೆರೀಸ್ ಹುಳುವಿನ ದವಡೆಯಲ್ಲಿ ಸತು. ಬಿಳಿ ಕೂದಲ ಕುಚ್ಚುಗಳ ಬೆಂಕಿಹುಳುವನ್ನು ಮಾತ್ರ ಬರಿಗೈಯಲ್ಲಿ ಮುಟ್ಟಬೇಡಿ. ಅದರ ಸುಣ್ಣದ ಕೂದಲು ಚರ್ಮದೊಳಗೆ ಮುರಿದು ನಿಂತು ಉರಿಯೆಬ್ಬಿಸುತ್ತದೆ.

ನಿಜವಾದ ಸೊಗಸಿರುವುದು ನೆರೀಸ್ ಕುಟುಂಬದಲ್ಲಿ. ನಾಲ್ಕು ಕಣ್ಣು, ಮುಂದಕ್ಕೆ ಎರಡು ಪುಟ್ಟ ಮೀಸೆ, ಅಕ್ಕಪಕ್ಕ ದಪ್ಪ ಸ್ಪರ್ಶಾಂಗಗಳು, ಹಿಂದೆ ಮೂರು ನಾಲ್ಕು ಜೊತೆ ಎಳೆಗಳು: ತಲೆ ಹೆಚ್ಚುಕಡಿಮೆ ಎಲ್ಲದರದೂ ಒಂದೇ ತೆರ. ಭೇದವೆಲ್ಲ ಗಂಟಲಲ್ಲಿದೆ. ಅಂಗಿಯ ತೋಳನ್ನು ಒಳಮಗ್ಗುಲು ಹೊರಗೆ ಮಾಡಿ ಎಳೆದಂತೆ ಹುಳು ತನ್ನ ಗಂಟಲನ್ನು ಆಚೆ ಚಾಚುತ್ತದೆ. ತುದಿಯಲ್ಲಿ ಜೋಡಿ ದವಡೆ, ಗೋಡೆಯ ತುಂಬ ಸಾಸಿವೆಗಿಂತ ಸಣ್ಣ ಕಂದು ಹಲ್ಲುಗಳು. 1860ರ ದಶಕದಲ್ಲಿ ಸ್ವೀಡನ್ನಿನ ಕಿನ್‌ಬರ್ಗ್ ಈ ಗೋಡೆಯನ್ನು ಎಂಟು ವಲಯಗಳಾಗಿ ಹಂಚಿ ಅಂಕಿ ಹಾಕಿದ. ನಾವಿಂದಿಗೂ ಆ ಅಂಕಿಗಳನ್ನೇ ಹಿಡಿದು ಎಣಿಸುತ್ತೇವೆ. ಆರನೆಯ ವಲಯದ ಹಲ್ಲು ಅಡ್ಡಪಟ್ಟಿಯಂತೆ ಅಗಲವಾಗಿದ್ದರೆ ಪೆರಿನೆರೀಸ್. ಬಾಯಿಯ ಕಡೆಯ ಉಂಗುರ ಪೂರ್ತಿ ಬೋಳಾಗಿದ್ದರೆ ಸೆರಾಟೊನೆರೀಸ್. ಬಾಚಣಿಗೆಯ ಸಾಲಿನಂಥ ಸಪೂರ ಹಲ್ಲುಗಳಿದ್ದರೆ ಪ್ಲಾಟಿನೆರೀಸ್.

ಅವಸರದಲ್ಲಿ ಫಾರ್ಮಲಿನ್‌ಗೆ ಎಸೆದರೆ ಹುಳು ಗಂಟಲನ್ನು ಒಳಗೆಳೆದುಕೊಂಡೇ ಸಾಯುವುದುಂಟು. ಆಮೇಲೆ ಸಣ್ಣ ಕತ್ತರಿಯಿಂದ ಸೀಳಿ ನೋಡುವ ಕಷ್ಟ. ಮೊದಲು ಮೆಗ್ನೀಸಿಯಂ ಕ್ಲೋರೈಡ್ ಬೆರೆಸಿದ ನೀರಿನಲ್ಲಿ ಜೋಮು ಹಿಡಿಸಿ, ಕತ್ತಿನ ಹಿಂದೆ ಮೆಲ್ಲಗೆ ಒತ್ತಿದರೆ ಕೆಲಸ ಹಗುರ. ಬಳಿಕ ಮೈಯ ನಡುಭಾಗದಿಂದ ಒಂದು ಪಕ್ಕದ ಕಾಲನ್ನು ಕತ್ತರಿಸಿ ಗ್ಲಿಸರಿನ್ ಹನಿಯಲ್ಲಿ ಸ್ಲೈಡಿಗೇರಿಸಬೇಕು. ಮೇಲೊಂದು ಕೆಳಗೊಂದು ಹಾಲೆ, ಹಾಲೆಯೊಳಗೆ ಕೈಟಿನ್‌ನ ಕೂದಲು, ಕೂದಲಿಗೊಂದು ಕೀಲು. ಕೀಲಿನಾಚೆಯ ಅಲಗು ಉದ್ದ ಸಪೂರವೋ, ಗಿಡ್ಡವಾಗಿ ಬಾಗಿದ್ದೋ ಎಂಬುದರಲ್ಲಿ ಪ್ರಭೇದದ ಗುಟ್ಟಿನ ಅರ್ಧಪಾಲು ಅಡಗಿದೆ.

ಇಷ್ಟೆಲ್ಲ ಆದ ಮೇಲೆ ಹೆಸರು ಬರೆಯುವಾಗ ಕೈ ತಡೆಯಬೇಕು. ಪಿಯರ್ ಫಾವೆಲ್ 1953ರಲ್ಲಿ ಭಾರತದ ಪಾಲಿಕೀಟಗಳ ಮೇಲೆ ಬರೆದ ದಪ್ಪ ಗ್ರಂಥವನ್ನು ನಮ್ಮ ಕರಾವಳಿಯ ಹುಳು ನೋಡುವವರು ಬಿಡುವಂತಿಲ್ಲ. ಆದರೆ ಅದರಲ್ಲಿ ಯುರೋಪಿನ ಹುಳುಗಳ ಹೆಸರುಗಳು ಧಾರಾಳವಾಗಿವೆ. ಒಂದೇ ಹುಳು ಲೋಕವೆಲ್ಲ ಹಬ್ಬಿದೆ ಎಂದು ನಂಬಿದ್ದ ಕಾಲ ಅದು. ಮಾರ್ಫೈಸಾ ಸ್ಯಾಂಗ್ವಿನಿಯದ ಕಥೆ ನೋಡಿ. ಇಂಗ್ಲೆಂಡಿನ ಡೆವನ್ ಕರಾವಳಿಯ ಹುಳುವಿಗೆ ಮಾಂಟಗ್ಯು ಇಟ್ಟ ಹೆಸರನ್ನು ಕಂಡಕಂಡ ಕಡಲಿನ ಹುಳುಗಳಿಗೆಲ್ಲ ಅಂಟಿಸಲಾಯಿತು. 2003ರಲ್ಲಿ ಹಚಿಂಗ್ಸ್ ಮತ್ತು ಕರಾಜಾರ್ಗೊಪುಲಸ್ ಮೂಲ ಊರಿನ ಹುಳುವನ್ನು ಮತ್ತೆ ವಿವರಿಸಿದಾಗ, ಆಸ್ಟ್ರೇಲಿಯದ ಮೊರೆಟನ್ ಕೊಲ್ಲಿಯದು ಬೇರೆಯೇ ಪ್ರಭೇದವೆಂದು ಹೊರಬಿತ್ತು.

ದೊಡ್ಡ ಗುಂಪುಗಳ ಹಣೆಬರಹವೂ ಹೀಗೇ ಮೇಲೆಕೆಳಗಾಗಿದೆ. ಅಲೆದಾಡುವ ಹುಳು, ಕೂತಲ್ಲೇ ಕೂರುವ ಹುಳು ಎಂಬ ಹತ್ತೊಂಬತ್ತನೆಯ ಶತಮಾನದ ವಿಂಗಡಣೆಯನ್ನು ಬರೀ ಅನುಕೂಲದ್ದೆಂದು ಪಂಡಿತರು ಕೈಬಿಟ್ಟಿದ್ದರು. 2011ರ ವಂಶವಾಹಿ ಅಧ್ಯಯನ ಅದನ್ನು ಹೊಸ ರೂಪದಲ್ಲಿ ಮರಳಿ ತಂದಿತು, ನಮ್ಮ ಹೊಲದ ಎರೆಹುಳುವನ್ನೂ ಜಿಗಣೆಯನ್ನೂ ಕೂತ ಹುಳುಗಳ ಬಳಗಕ್ಕೇ ಸೇರಿಸಿತು!

ಅಳಿವೆಯ ಕೆಸರಿನಲ್ಲಿ ಹುಳು ಹುಡುಕುವ ಕಾಲೇಜು ಹುಡುಗ ಹುಡುಗಿಯರಲ್ಲಿ ಒಂದು ಕೋರಿಕೆ: ಬಾಟಲಿಯೊಳಗಿನ ಚೀಟಿಯಲ್ಲಿ ಸ್ಥಳ, ದಿನಾಂಕ, ಕೆಸರೋ ಬಂಡೆಯೋ ಎಂಬುದನ್ನು ಪೆನ್ಸಿಲಿನಲ್ಲಿ ಬರೆದಿಡಿ, ಶಾಯಿ ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಗಂಟಲು ನೋಡುವವರೆಗೆ ಕುಲದ ಹೆಸರಿನ ಜಾಗ ಖಾಲಿ ಇರಲಿ.