ಲೂಟಿಯ ಆಟಗಳು ಮತ್ತು ಆಟಗಾರರ ತೀರ್ಪು

ವಿಮರ್ಶೆಯೆಂಬುದು ಕಾದಂಬರಿಗೆ, ನಾಟಕಕ್ಕೆ, ಹೆಚ್ಚೆಂದರೆ ಚಲನಚಿತ್ರಕ್ಕೆ ಸಲ್ಲತಕ್ಕ ಮಾತೆಂದು ನಾವು ತಿಳಿದಿದ್ದೇವೆ. ಮಕ್ಕಳು ಕಂಪ್ಯೂಟರಿನಲ್ಲಿ ಆಡುವ ಆಟಗಳ ವಿಷಯ ಬಂದಾಗ ಮಾತ್ರ ನಮ್ಮ ವಿಮರ್ಶೆ ಒಂದೇ ಶಬ್ದದಲ್ಲಿ ಮುಗಿದುಹೋಗುತ್ತದೆ: ಕಾಲಹರಣ. ಆದರೆ ಆಡಿದವರು ಸುಮ್ಮನಿಲ್ಲ. ಜನಪ್ರಿಯವಾದ ಒಂದು ಆಟಕ್ಕೆ ಲಕ್ಷಕ್ಕೂ ಮಿಕ್ಕಿ ಅಭಿಪ್ರಾಯಗಳು ಬಂದು ಬೀಳುವುದುಂಟು. "ಎಲ್ಲರೂ ಚೆನ್ನಾಗಿದೆ ಎಂದಿದ್ದಾರೆ ಅಪ್ಪಾ, ಕೊಡಿಸಿ" ಎಂದು ಮಗ ಕೇಳಿದಾಗ ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ನಮ್ಮ ಎರಡು ಕೋಣೆಯ ಮನೆಗಳಲ್ಲಿ ಒಂದೋ ಹಣ ಹೋಗುತ್ತದೆ, ಇಲ್ಲವೇ ಮಾತು ಬೆಳೆಯುತ್ತದೆ. ಆದುದರಿಂದ ಆ 'ಎಲ್ಲರ' ಮಾತಿಗೆ ಬೆಲೆಯೆಷ್ಟು ಎಂದು ನೋಡುವುದು ಅನುಚಿತವಾಗಲಾರದು. ಆಟಕ್ಕಿಂತ ಹೆಚ್ಚಾಗಿ ಆಟಗಾರರ ಅಭಿಪ್ರಾಯವನ್ನೇ ವಿಮರ್ಶಿಸುವುದು ಈ ಲೇಖನದ ಉದ್ದೇಶ.

ನಾನು ಆರಿಸಿಕೊಂಡದ್ದು 'ರೋಗ್‌ಲೈಟ್' ಎಂಬ ಜಾತಿಯ ಆಟಗಳನ್ನು. ಇಲ್ಲಿ ರೋಗ್ ಎಂದರೆ ಕಾಯಿಲೆಯಲ್ಲ, ಪೋಕರಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮೈಕೆಲ್ ಟಾಯ್ ಮತ್ತು ಗ್ಲೆನ್ ವಿಚ್‌ಮನ್ ಎಂಬ ಇಬ್ಬರು ವಿದ್ಯಾರ್ಥಿಗಳು 1980ರ ಸುಮಾರಿಗೆ 'ರೋಗ್' ಎಂಬ ಆಟವನ್ನು ರಚಿಸಿದರು. ಅದರಲ್ಲಿ ಚಿತ್ರಗಳೇ ಇಲ್ಲ. ರಾಕ್ಷಸರೆಲ್ಲ ಇಂಗ್ಲಿಷ್ ವರ್ಣಮಾಲೆಯ ಅಕ್ಷರಗಳು. ನೆಲಮಾಳಿಗೆಗಳು ಪ್ರತಿ ಸಲವೂ ಹೊಸದಾಗಿ ಹುಟ್ಟುತ್ತವೆ, ಸತ್ತರೆ ಗಳಿಸಿದ್ದೆಲ್ಲ ಹೋಗಿ ಮೊದಲಿನಿಂದ ಆರಂಭ. ಈ ಕಠಿಣ ನಿಯಮವನ್ನು ಸ್ವಲ್ಪ ಸಡಿಲಿಸಿ, ಸತ್ತ ಮೇಲೂ ಕೈಯಲ್ಲಿ ಏನಾದರೊಂದು ಉಳಿಯುವಂತೆ ಮಾಡಿದ ಆಟಗಳೇ ರೋಗ್‌ಲೈಟ್‌ಗಳು. 2013ರ 'ರೋಗ್ ಲೆಗಸಿ'ಯಲ್ಲಿ ವೀರನು ಸತ್ತರೆ ಅವನ ವಾರಸುದಾರನು ಬರುತ್ತಾನೆ. ತಂದೆ ಗಳಿಸಿದ ಚಿನ್ನದಿಂದ ಮಗ ಮನೆಯನ್ನು ವಿಸ್ತರಿಸಿ ಬಲಗೊಳ್ಳುತ್ತಾನೆ. ಊರು ಬಿಟ್ಟು ಬಂದು ಇಲ್ಲಿ ಸೊನ್ನೆಯಿಂದ ಸಂಸಾರ ಹೂಡಿದ ನಮಗೆ ಈ ನಿಯಮವನ್ನು ಯಾರೂ ವಿವರಿಸಬೇಕಾಗಿಲ್ಲ.

ಇಂಥ ಹಲವು ಆಟಗಳ ಜೀವಾಳ ಲೂಟಿ. ಇಂಗ್ಲಿಷಿನ 'ಲೂಟ್' ನಮ್ಮ ದೇಶದ ಭಾಷೆಯಿಂದಲೇ ಅಲ್ಲಿಗೆ ಹೋದ ಶಬ್ದ. ದಕ್ಷಿಣ ಕನ್ನಡದ ಕಡೆಯ ತಾಯಂದಿರು ಮಕ್ಕಳ ತುಂಟತನಕ್ಕೂ 'ಲೂಟಿ' ಎನ್ನುತ್ತಾರೆ. ಈ ಆಟಗಳಿಗೆ ಎರಡೂ ಅರ್ಥಗಳು ಒಪ್ಪುತ್ತವೆ. ರಾಕ್ಷಸನನ್ನು ಕೊಂದರೆ ಕತ್ತಿಯೋ ಕವಚವೋ ಬೀಳುತ್ತದೆ. ಯಾವುದು ಬೀಳುವುದೆಂಬುದು ಅದೃಷ್ಟ. ಆಟಗಾರರ ಅಭಿಪ್ರಾಯಗಳಲ್ಲಿ ಅರ್ಧಕ್ಕರ್ಧ ಎಡವುವುದು ಇಲ್ಲಿಯೇ.

ಒಂದು ಸಣ್ಣ ಲೆಕ್ಕ ನೋಡೋಣ. ಅಪರೂಪದ ಒಂದು ಕತ್ತಿ ನೂರಕ್ಕೆ ಒಂದು ಸಲ ಬೀಳುವಂತೆ ನಿಯಮವಿದೆ ಎಂದಿಟ್ಟುಕೊಳ್ಳಿ. ನೂರು ಸಲ ಪ್ರಯತ್ನಿಸಿದವನಿಗೆ ಅದು ಸಿಕ್ಕೇ ಸಿಗಬೇಕಲ್ಲವೆ? ಇಲ್ಲ. ಒಂದು ಪ್ರಯತ್ನದಲ್ಲಿ ಸಿಗದಿರುವ ಸಂಭವ 0.99. ನೂರು ಸಲವೂ ಸಿಗದಿರುವ ಸಂಭವ ಅದರ ನೂರನೆಯ ಘಾತ, ಅಂದರೆ ಸುಮಾರು 0.37. ನೂರು ಜನ ತಲಾ ನೂರು ಸಲ ಆಡಿದರೆ ಸುಮಾರು ಮೂವತ್ತೇಳು ಜನ ಬರಿಗೈಯಲ್ಲಿ ಎದ್ದು, "ಆಟ ಮೋಸ" ಎಂದು ಬರೆಯುತ್ತಾರೆ. ಮೊದಲ ಹತ್ತರಲ್ಲೇ ಕತ್ತಿ ಸಿಕ್ಕವನು "ಉದಾರವಾದ ಆಟ" ಎಂದು ಬರೆಯುತ್ತಾನೆ. ಇಬ್ಬರಿಗೂ ಒಂದೇ ನಿಯಮ. ಇಬ್ಬರೂ ಬರೆದದ್ದು ತಮ್ಮ ಅದೃಷ್ಟದ ವಿಮರ್ಶೆ, ಆಟದ್ದಲ್ಲ.

ನಮ್ಮ ಅಜ್ಜಿಯಂದಿರಿಗೆ ಈ ವಿವೇಕ ಇತ್ತು. ಚೌಕಾಬಾರದಲ್ಲಿ ನಾಲ್ಕು ಕವಡೆಗಳು ಬೀಳುವ ಬಗೆ ಹದಿನಾರು. ಕವಡೆ ಎರಡು ಮಗ್ಗುಲಿಗೂ ಸಮನಾಗಿ ಬೀಳುವುದೆಂದು ಭಾವಿಸಿದರೆ ಆರು ಬಗೆಗಳಲ್ಲಿ ಎರಡು ಬೀಳುತ್ತದೆ, ಚೌಕ ಮತ್ತು ಬಾರ ತಲಾ ಒಂದೇ ಬಗೆಯಲ್ಲಿ. ಗರ ಬೀಳದಿದ್ದರೆ ಕವಡೆಯನ್ನು ಬೈದುಕೊಂಡರೇ ಹೊರತು ಆಟವೇ ಕೆಟ್ಟದ್ದೆಂದು ಅವರು ಹೇಳಲಿಲ್ಲ. ಬಿದ್ದ ಗರದಲ್ಲಿ ಯಾವ ಕಾಯಿ ನಡೆಸಬೇಕು, ಯಾವುದನ್ನು ಹೊಡೆಯಬೇಕು, ಹೇಗೆ ಹಣ್ಣು ಮಾಡಬೇಕು ಎಂಬುದರಲ್ಲಿ ಜಾಣತನವಿತ್ತು. ಅದೃಷ್ಟವನ್ನೂ ಜಾಣತನವನ್ನೂ ಬೇರೆಬೇರೆ ಮಾಡಿ ನೋಡಬಲ್ಲ ಅಭಿಪ್ರಾಯವೇ ನಂಬತಕ್ಕ ಅಭಿಪ್ರಾಯ.

ನಮ್ಮ ದೇಶದಲ್ಲೇ ತಯಾರಾದ ಉದಾಹರಣೆಯೊಂದಿದೆ. ಹೈದರಾಬಾದಿನ ಓಗರ್ ಹೆಡ್ ಸ್ಟುಡಿಯೋ 2017ರಲ್ಲಿ ಹೊರತಂದ 'ಅಸುರ' ನಮ್ಮ ಪುರಾಣಗಳ ಛಾಯೆಯುಳ್ಳ ಆಟ. ಇದರಲ್ಲಿ ಹಾದಿ ಮಾತ್ರವಲ್ಲ, ವೀರನು ಕಲಿಯಬಹುದಾದ ವಿದ್ಯೆಗಳ ವೃಕ್ಷವೂ ಸಲಸಲಕ್ಕೆ ಬದಲಾಗುತ್ತದೆ. ಅಂದಮೇಲೆ ಒಬ್ಬನು ಒಂದೆರಡು ಸಲ ಆಡಿ ಹೊಗಳಿದ ವಿದ್ಯೆ ಇನ್ನೊಬ್ಬನ ಕೈಗೆ ಬಾರದೆಯೇ ಹೋಗಬಹುದು. ಇಂಥ ಆಟಕ್ಕೆ ಮೊದಲ ದಿನವೇ ಬರೆದ ಅಭಿಪ್ರಾಯ, ಮೊದಲ ಅಧ್ಯಾಯ ಓದಿ ಕಾದಂಬರಿಯನ್ನು ವಿಮರ್ಶಿಸಿದಷ್ಟೇ ಸಾರ್ಥಕ.

ಈ ದೃಷ್ಟಿಯಿಂದ ಆಟಗಾರರಲ್ಲಿ ಒಂದು ಒಳ್ಳೆಯ ಪದ್ಧತಿಯಿದೆ. ಸ್ಟೀಮ್ ಎಂಬ ದೊಡ್ಡ ಆಟಗಳ ಅಂಗಡಿಯಲ್ಲಿ ಅಭಿಪ್ರಾಯದ ಪಕ್ಕದಲ್ಲೇ ಆತ ಎಷ್ಟು ಗಂಟೆ ಆಡಿದ್ದಾನೆಂದು ನಮೂದಾಗುತ್ತದೆ. ನಮ್ಮ ಪುಸ್ತಕ ವಿಮರ್ಶಕರಿಗೂ ಇಂಥದೊಂದು ಕಡ್ಡಾಯವಾದರೆ ಎಷ್ಟೋ ಲೇಖನಿಗಳು ನಿಂತೇಹೋಗಬಹುದು! ನೂರಾರು ಗಂಟೆ ಆಡಿಯೂ "ಕೊಳ್ಳಬೇಡಿ" ಎನ್ನುವವರಿದ್ದಾರೆ. ಇದು ವಿಚಿತ್ರವೆಂದು ನಗುವವರು ಬೆಳಗಿನ ಎಂಟರ ಡೊಂಬಿವಲಿ ಲೋಕಲ್ ಹತ್ತಿ ನೋಡಲಿ. ಇಪ್ಪತ್ತು ವರ್ಷ ಅದರಲ್ಲೇ ಪ್ರಯಾಣಿಸಿದವನು ಅದನ್ನು ಯಾರಿಗೂ ಶಿಫಾರಸು ಮಾಡಲಾರ; ಆದರೆ ಅದರ ಬಗ್ಗೆ ಅವನಿಗಿಂತ ಚೆನ್ನಾಗಿ ಬಲ್ಲವರಾರು? ಗಂಟೆಗಳು ಪ್ರೀತಿಗೆ ಸಾಕ್ಷಿಯಲ್ಲ, ಪರಿಚಯಕ್ಕೆ ಸಾಕ್ಷಿ.

ಇನ್ನು ಎರಡನೆಯ ಮಾತು: ಸೋತವನನ್ನು ಆಟ ಹೇಗೆ ನಡೆಸಿಕೊಳ್ಳುತ್ತದೆ? 'ಹೇಡೀಸ್' ಎಂಬ ಆಟ ಪೂರ್ಣವಾಗಿ ಹೊರಬಂದದ್ದು 2020ರ ಸೆಪ್ಟೆಂಬರಿನಲ್ಲಾದರೂ 2018ರ ಡಿಸೆಂಬರಿನಿಂದಲೇ ಅದನ್ನು ಅರೆಸಿದ್ಧ ರೂಪದಲ್ಲಿ ಆಟಗಾರರ ಮುಂದಿಟ್ಟು, ಅವರ ಅಭಿಪ್ರಾಯ ಕೇಳುತ್ತ ತಿದ್ದಿದರು. ಅದರಲ್ಲಿ ಸತ್ತವನು ಮರಳಿ ತನ್ನ ಮನೆಗೇ ಬರುತ್ತಾನೆ. ಮನೆಯವರೊಡನೆ ಮಾತು, ಮುನಿಸು, ಕಥೆ ಮುಂದುವರಿಯುತ್ತದೆ. ಕಷ್ಟವೆನಿಸಿದವರಿಗೆ ಒಂದು ಸೌಲಭ್ಯವೂ ಇದೆ: ಆರಂಭದಲ್ಲಿ ಪೆಟ್ಟಿನ ನೋವು ಶೇಕಡಾ 20ರಷ್ಟು ಕಡಿಮೆ, ಸತ್ತಂತೆಲ್ಲ ಇನ್ನೂ 2ರಂತೆ ಕಡಿಮೆಯಾಗುತ್ತ 80ರವರೆಗೆ ಹೋಗುತ್ತದೆ. ಸೋಲಿನಿಂದಲೂ ಏನೋ ದೊರೆಯಿತೆಂಬ ಭಾವನೆ ಇಲ್ಲಿ ಆಟದ ರಚನೆಯಲ್ಲೇ ಇದೆ. "ಎಷ್ಟು ಸಿಕ್ಕಿತು" ಎಂದು ಬರೆದವನಿಗಿಂತ "ಸೋತ ಮೇಲೆ ಏನು ಉಳಿಯಿತು" ಎಂದು ಬರೆದವನು ದೊಡ್ಡ ವಿಮರ್ಶಕ.

ಮೂರನೆಯದು, ಮನೆಯ ಯಜಮಾನರು ಮುಖ್ಯವಾಗಿ ಗಮನಿಸಬೇಕಾದದ್ದು: ಅದೃಷ್ಟ ಮಾರಾಟಕ್ಕಿದೆಯೆ? 2012ರ 'ಡಯಾಬ್ಲೊ 3' ರೋಗ್‌ಲೈಟ್ ಅಲ್ಲವಾದರೂ ಲೂಟಿಯ ಆಟಗಳಲ್ಲಿ ಹೆಸರಾದದ್ದು. ಅದರೊಳಗೇ ಹರಾಜು ಕಟ್ಟೆಯೊಂದನ್ನು ತೆರೆದು, ಸಿಕ್ಕ ಆಯುಧಗಳನ್ನು ನಿಜವಾದ ಹಣಕ್ಕೆ ಮಾರುವ, ಕೊಳ್ಳುವ ಏರ್ಪಾಡು ಮಾಡಿದರು. ರಾಕ್ಷಸನನ್ನು ಕೊಂದು ಪಡೆಯುವುದನ್ನು ಅಂಗಡಿಯಲ್ಲೇ ಕೊಳ್ಳುವುದಾದರೆ ಕೊಲ್ಲುವುದೇಕೆ ಎಂದು ಆಟಗಾರರು ಕೇಳಿದರು. ಕೊನೆಗೆ ಆಟದ ತಿರುಳಿಗೇ ಇದರಿಂದ ಧಕ್ಕೆಯಾಯಿತೆಂದು ಕಂಪನಿಯೇ ಒಪ್ಪಿ 2014ರ ಮಾರ್ಚ್ 18ರಂದು ಕಟ್ಟೆಯನ್ನು ಮುಚ್ಚಿತು. 2017ರಲ್ಲಿ 'ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2' ಆಟದ ಅದೃಷ್ಟದ ಪೆಟ್ಟಿಗೆಗಳಿಗೂ ಇಂಥದೇ ಪ್ರತಿಭಟನೆ ಎದುರಾಯಿತು. ಮರುವರ್ಷ ಬೆಲ್ಜಿಯಂ ದೇಶದ ಜೂಜು ಆಯೋಗ, ಹಣ ಕೊಟ್ಟು ತೆರೆಯುವ ಕೆಲವು ಪೆಟ್ಟಿಗೆಗಳು ಜೂಜೇ ಎಂದು ತೀರ್ಮಾನಿಸಿತು. ನಮ್ಮ ಸಂಸತ್ತು 2025ರ ಆಗಸ್ಟಿನಲ್ಲಿ ಹಣದ ಪಣವಿರುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಅಂಗೀಕರಿಸಿತು. ಆದರೆ ಕಾಯಿದೆ ಎಲ್ಲ ಮನೆಗಳ ಒಳಗೂ ಕಾವಲು ಕೂರಲಾರದು. ಒಂದು ಸಲ ಬೆಲೆ ಕೊಟ್ಟು ಕೊಂಡು ಆಡುವ ಆಟ ಬೇರೆ, ಪ್ರತಿ ಆಸೆಗೂ ಜೇಬಿಗೆ ಕೈ ಹಾಕಿಸುವ ಆಟ ಬೇರೆ. ಈ ಅಂತರವನ್ನು ಲೋಕಕ್ಕೆ ಮೊದಲು ಕೂಗಿ ಹೇಳಿದವರಲ್ಲಿ, ನಾವು ಕಾಲಹರಣ ಮಾಡುವವರೆಂದು ಜರೆಯುವ ಆಟಗಾರರೇ ಮುಂದಿದ್ದರು ಎಂಬುದನ್ನು ಮರೆಯಬಾರದು.

ಹೀಗಾಗಿ 'ಎಲ್ಲರೂ ಚೆನ್ನಾಗಿದೆ ಎಂದರು' ಎಂಬ ಮಾತಿಗೆ ಬೆಲೆಯಿಲ್ಲ. 'ಎಲ್ಲ ಕಾಲಹರಣ' ಎಂಬ ನಮ್ಮ ಮಾತಿಗೂ ಅಷ್ಟೇ. ಎರಡೂ ಆಡದೆ ಕೊಟ್ಟ ತೀರ್ಪುಗಳು. ಮಗನೋ ಮಗಳೋ ಆಟವೊಂದನ್ನು ಕೇಳಿದಾಗ ಮೂರು ಪ್ರಶ್ನೆ ಹಾಕಬಹುದು: ಇದನ್ನು ಹೊಗಳಿದವರು ಅದೃಷ್ಟವನ್ನು ಹೊಗಳಿದರೋ, ಆಟವನ್ನೋ? ಸೋತರೆ ನಿನಗೆ ಉಳಿಯುವುದೇನು? ಕೊಂಡ ಮೇಲೆ ಮತ್ತೆ ಹಣ ಕೇಳುತ್ತದೆಯೆ? ಮಕ್ಕಳು ಶಾಲೆಯಲ್ಲಿ ಇಂಗ್ಲಿಷ್, ಗೆಳೆಯರೊಡನೆ ಮರಾಠಿ, ಆಟದಲ್ಲಿ ಹಿಂದಿ ಆಡುತ್ತಾರೆ. ಈ ಉತ್ತರಗಳನ್ನಾದರೂ ಕನ್ನಡದಲ್ಲಿ ಹೇಳಲಿ. ತಾನು ಬಲ್ಲ ವಿಷಯವನ್ನು ಮನೆಮಾತಿನಲ್ಲಿ ವಾದಿಸಿ ಒಪ್ಪಿಸುವ ಅವಕಾಶ ಹೊರನಾಡಿನ ಮಗುವಿಗೆ ದೊರೆಯುವುದು ಅಪರೂಪ. ಅಂಥ ಉತ್ತರಗಳಲ್ಲಿ ಉತ್ತಮವಾದುವನ್ನು ಬರೆಯಿಸಿ ಕಳಿಸಿದರೆ ನಮ್ಮ ಸಂಘದ ಪತ್ರಿಕೆ ಅವುಗಳಿಗೆ ಅರ್ಧ ಪುಟ ಬಿಟ್ಟುಕೊಡಬೇಕೆಂದು ನನ್ನ ವಿನಂತಿ.