ಹಾಡು ಗೊತ್ತು, ಬರೆದವರು?

ಕೇರಳದಲ್ಲಿರುವ ಕನ್ನಡಿಗರಿಗೆ ನವೆಂಬರ್ ಒಂದು ಸ್ವಲ್ಪ ವಿಚಿತ್ರವಾದ ದಿನ. ನಮಗೆ ರಾಜ್ಯೋತ್ಸವ, ಪಕ್ಕದ ಮನೆಯವರಿಗೆ ಕೇರಳಪ್ಪಿರವಿ. ಎರಡಕ್ಕೂ 1956ರ ಅದೇ ತಾರೀಖು. ತ್ರಿಪ್ಪುಣಿತ್ತುರದ ನಮ್ಮ ಫ್ಲಾಟಿನಲ್ಲಿ ಆ ಸಂಜೆ ಏಳೆಂಟು ಕನ್ನಡ ಕುಟುಂಬಗಳು ಸೇರುತ್ತವೆ. ಹೆಚ್ಚಿನವರು ಕಾಕ್ಕನಾಡಿನ ಇನ್ಫೋಪಾರ್ಕಿನಲ್ಲಿ ಕೆಲಸ ಮಾಡುವವರು, ಜೊತೆಗೆ ಓದಲು ಬಂದ ಮೂರು ನಾಲ್ಕು ಹುಡುಗ ಹುಡುಗಿಯರು. ಬಿಸಿಬೇಳೆಬಾತ್ ಆದಮೇಲೆ ಒಂದು ಆಟ ಆಡಿಸುವುದು ನನ್ನ ಪಾಲಿನ ಕೆಲಸ. ಪ್ರಾಜೆಕ್ಟ್ ಮ್ಯಾನೇಜರ್ ಅಂದರೆ ಎಲ್ಲರೂ ನಮ್ಮ ಕೈಗೆ ಪಟ್ಟಿ ಕೊಟ್ಟು ಕೂತುಬಿಡುತ್ತಾರೆ.

ಕಳೆದ ಸಲ ಇಪ್ಪತ್ತು ಚೀಟಿ ಮಾಡಿದ್ದೆ. ಪ್ರತಿ ಚೀಟಿಯಲ್ಲಿ ಒಂದು ಹಾಡಿನ ಹೆಸರು. ಅದನ್ನು ಓದಿ, ಬರೆದ ಕವಿ ಯಾರೆಂದು ಊಹಿಸಬೇಕು. ಹಾಡುವ ಹಾಗಿಲ್ಲ, ಫೋನ್ ಮುಟ್ಟುವ ಹಾಗಿಲ್ಲ. ಎಲ್ಲವೂ ಎಲ್ಲರಿಗೂ ಗೊತ್ತಿರುವ ಹಾಡುಗಳೇ. ಹತ್ತು ನಿಮಿಷದಲ್ಲಿ ಮುಗಿಯುತ್ತದೆ ಅಂದುಕೊಂಡಿದ್ದೆ.

‘ದೋಣಿ ಸಾಗಲಿ’ ಅಂದರೆ ಎಸ್. ಜಾನಕಿ ಎಂಬ ಉತ್ತರ ಬಂತು. ‘ಯಾವ ಮೋಹನ ಮುರಳಿ’ ಅಂದರೆ ‘ಅಮೇರಿಕಾ ಅಮೇರಿಕಾ’. ‘ಹುಟ್ಟಿದರೆ ಕನ್ನಡ ನಾಡಲ್ಲಿ’ ಅಂದರೆ ಅಣ್ಣಾವ್ರು, ಅದರಲ್ಲಿ ಅನುಮಾನವೇ ಇಲ್ಲ. ಹಂಸಲೇಖ ಅವರ ಹೆಸರು ಬರಲು ಎರಡು ನಿಮಿಷ ಬೇಕಾಯಿತು. ಗಾಯಕರು, ನಟರು, ಸಿನಿಮಾ, ಸಿನಿಮಾ ನೋಡಿದ ಥಿಯೇಟರು, ಎಲ್ಲ ನೆನಪಿಗೆ ಬಂತು. ಬರೆದವರು ಮಾತ್ರ ಬರಲಿಲ್ಲ.

ನಗುವುದಕ್ಕೆ ನನಗೂ ಹಕ್ಕಿರಲಿಲ್ಲ. ‘ಹಚ್ಚೇವು ಕನ್ನಡದ ದೀಪ’ದ ಮುಂದೆ ನನ್ನ ಉತ್ತರಪತ್ರಿಕೆಯಲ್ಲಿ ‘ಕುವೆಂಪು’ ಎಂದಿತ್ತು. ಹಾಗೆಂದೇ ಓದಿದೆ, ಎಲ್ಲರೂ ತಲೆಯಾಡಿಸಿದರು. ಮೂಲೆಯಲ್ಲಿ ಕೂತಿದ್ದ ಹುಬ್ಬಳ್ಳಿ ಕಡೆಯ ವಿದ್ಯಾರ್ಥಿನಿಯೊಬ್ಬಳು, “ಸರ್, ಅದು ಡಿ.ಎಸ್. ಕರ್ಕಿ ಅವರದ್ದರೀ” ಅಂದಳು. ಶಾಲೆಯಲ್ಲಿದ್ದಾಗಿನಿಂದ ಆ ಹಾಡು ಹಾಡುತ್ತ ಬಂದಿದ್ದೇನೆ. ಮೂವತ್ತೈದು ವರ್ಷ ಕುವೆಂಪು ಅವರದ್ದೆಂದೇ ನಂಬಿದ್ದೆ.

ತಪ್ಪಾಯಿತು ಎಂಬುದಕ್ಕಿಂತ, ಸುಳಿವು ಕಣ್ಣೆದುರೇ ಇದ್ದೂ ಕಾಣಲಿಲ್ಲವಲ್ಲ ಎಂಬುದು ಆ ರಾತ್ರಿ ನನ್ನನ್ನು ಕಾಡಿತು. ‘ಹಚ್ಚೇವು’ ಎಂಬ ಕ್ರಿಯಾಪದವನ್ನೇ ನೋಡಿ. ಮಲೆನಾಡಿನ ಕುವೆಂಪು ಹಾಗೆ ಬರೆಯುವವರಲ್ಲ. ಅದು ಬೆಳಗಾವಿ ಸೀಮೆಯ ಬಾಯಿ, ಕರ್ಕಿಯವರ ಸೀಮೆ. ಹಾಡಿನ ಮೊದಲ ಶಬ್ದವೇ ತನ್ನ ಊರು ಹೇಳುತ್ತಿತ್ತು, ನಾನು ಕೇಳಿಸಿಕೊಳ್ಳಲಿಲ್ಲ. ನಾಡು ನುಡಿಯ ಹಾಡು ಅಂದಕೂಡಲೇ ಕಿವಿ ಮುಚ್ಚಿ ದೊಡ್ಡ ಹೆಸರಿಗೆ ಕೈ ಚಾಚಿದೆ. ಕುವೆಂಪು ಅವರಿಗೆ ‘ಎಲ್ಲಾದರು ಇರು’ ಇದೆ, ‘ಬಾರಿಸು ಕನ್ನಡ ಡಿಂಡಿಮವ’ ಇದೆ, 2004ರಲ್ಲಿ ನಾಡಗೀತೆಯಾದ ‘ಜಯ ಭಾರತ ಜನನಿಯ ತನುಜಾತೆ’ಯೂ ಇದೆ. ಕರ್ಕಿಯವರ ಒಂದು ಹಾಡನ್ನೂ ಅವರ ಲೆಕ್ಕಕ್ಕೆ ಜಮಾ ಮಾಡುವ ಅಗತ್ಯ ಇರಲಿಲ್ಲ.

ಆಮೇಲೆ ಉಳಿದ ಚೀಟಿಗಳನ್ನೂ ಹರಡಿಕೊಂಡು ಕೂತೆ. ಮೊದಲು ಕಂಡದ್ದು, ಈ ಹೆಸರುಗಳಲ್ಲಿ ಬಹಳಷ್ಟು ಕವಿ ಇಟ್ಟ ಹೆಸರುಗಳೇ ಅಲ್ಲ ಎಂಬುದು. ‘ಮೂಡಲ ಮನೆಯಾ’ ಎಂದು ನಾವು ಕರೆಯುವುದು ಬೇಂದ್ರೆಯವರ ‘ಬೆಳಗು’. 1967ರ ‘ಬೆಳ್ಳಿ ಮೋಡ’ ಸಿನಿಮಾಕ್ಕೆ ಬಂತು, ಹೊಸ ಹೆಸರಾಯಿತು. ‘ಜೋಗದ ಸಿರಿ’ ನಿಸಾರ್ ಅಹಮದ್ ಅವರ ‘ನಿತ್ಯೋತ್ಸವ’. ‘ಇಳಿದು ಬಾ ತಾಯಿ’ ಬೇಂದ್ರೆಯವರದ್ದೇ ‘ಗಂಗಾವತರಣ’. ಪುಸ್ತಕದಿಂದ ಹೊರಟು ಹಾಡಾಗುವಾಗ ಕವಿತೆ ಎರಡು ವಸ್ತುಗಳನ್ನು ಮನೆಯಲ್ಲೇ ಬಿಟ್ಟು ಬರುತ್ತದೆ, ತನ್ನ ಶೀರ್ಷಿಕೆ ಮತ್ತು ತನ್ನ ಕವಿ.

ಇದರಿಂದ ಓದಿಗೇ ಪೆಟ್ಟು ಬೀಳುತ್ತದೆ. ‘ಗಂಗಾವತರಣ’ ಎಂದು ಮೇಲೆ ಬರೆದಿದ್ದರೆ ಭಗೀರಥ, ಶಿವನ ಜಡೆ, ಬಾಯಾರಿದ ನೆಲ ಎಲ್ಲ ಮನಸ್ಸಿಗೆ ಬಂದು ನಿಲ್ಲುತ್ತವೆ. ಕರೆಯುತ್ತಿರುವವನು ಯಾರು, ಯಾವ ದಾಹ ಎಂದು ಕೇಳಿಕೊಳ್ಳುತ್ತೇವೆ. ‘ಇಳಿದು ಬಾ ತಾಯಿ’ ಎಂದಷ್ಟೇ ಇದ್ದರೆ ಅದು ದೇವಿಯ ಭಕ್ತಿಗೀತೆ. ನಮ್ಮ ಮನೆಯಲ್ಲಿ ಒಬ್ಬರು “ಯಾವುದೋ ದಾಸರ ಪದ” ಅಂದದ್ದು ಇದೇ ಚೀಟಿಗೆ. ಅವರದು ದಡ್ಡತನವಲ್ಲ. ಆ ಹೆಸರು ಅಷ್ಟನ್ನೇ ಹೇಳುತ್ತದೆ.

ನಿಜವಾದ ದಾಸರ ಪದವಾಗಿದ್ದರೆ ಈ ತೊಂದರೆಯೇ ಇಲ್ಲ. ಅಲ್ಲಿ ಅಂಕಿತವಿದೆ. ‘ಪುರಂದರ ವಿಠಲ’ ಬಂದರೆ ಪುರಂದರದಾಸರು, ‘ಕಾಗಿನೆಲೆಯಾದಿಕೇಶವ’ ಬಂದರೆ ಕನಕದಾಸರು. ವಚನಗಳಲ್ಲಿ ಕೂಡಲಸಂಗಮದೇವ, ಗುಹೇಶ್ವರ, ಚೆನ್ನಮಲ್ಲಿಕಾರ್ಜುನ. ಶರೀಫರಲ್ಲಿ ಶಿಶುನಾಳಾಧೀಶ. ನಮ್ಮ ಸಾಫ್ಟ್‌ವೇರಿನವರಲ್ಲಿ ಯಾವ ಸಾಲನ್ನು ಯಾರು ಬರೆದರು ಎಂದು ತೋರಿಸುವ ಗಿಟ್ ಕಮಾಂಡಿಗೆ ‘ಬ್ಲೇಮ್’ ಎಂದು ಹೆಸರು. ಅಂಕಿತ ಅದಕ್ಕಿಂತ ಬಹಳ ಸೌಜನ್ಯದ ವ್ಯವಸ್ಥೆ. ಕವಿ ತನ್ನ ಹೆಸರು ಹೇಳುವುದಿಲ್ಲ, ತನ್ನ ದೇವರ ಹೆಸರು ಹೇಳಿ ಗುರುತು ಕೊಡುತ್ತಾನೆ. ಬರೆದದ್ದು ಕಳೆದುಹೋಗಿ ಬಾಯಲ್ಲಷ್ಟೇ ಉಳಿದರೂ ಗುರುತು ಹಾಡಿನ ಒಳಗೇ ಇರುತ್ತದೆ.

ಆ ವ್ಯವಸ್ಥೆಯೂ ಪಕ್ಕಾ ಅಲ್ಲ ಎನ್ನಿ. ಸರ್ವಜ್ಞನ ಅಂಕಿತದಲ್ಲಿ ಯಾರ್ಯಾರೋ ತ್ರಿಪದಿ ಸೇರಿಸಿದ್ದಾರೆ. ‘ಗೋವಿನ ಹಾಡು’ ಕನ್ನಡದ ಪ್ರತಿ ಮಗುವಿಗೂ ಗೊತ್ತು, ಕವಿಯ ಹೆಸರೇ ಇಲ್ಲ. ಆದರೆ ಹೊಸಗನ್ನಡ ಕವಿಗಳು ಅಂಕಿತವನ್ನು ಹೆಚ್ಚಾಗಿ ಬಿಟ್ಟರು. ಬೇಂದ್ರೆ ‘ಅಂಬಿಕಾತನಯದತ್ತ’ ಎಂಬ ಹೆಸರಿಟ್ಟುಕೊಂಡರೂ ಅದು ಸಾಮಾನ್ಯವಾಗಿ ಪುಸ್ತಕದ ಮೇಲೆ ಇರುವ ಹೆಸರು. ಪುಸ್ತಕ ಜೊತೆಗಿರುತ್ತದೆ ಎಂದು ಅವರೆಲ್ಲ ನಂಬಿದ್ದರು. ಹಾಡು ಪುಸ್ತಕ ಬಿಟ್ಟು ಊರೂರು ಸುತ್ತಿತು.

ಹಾಗಾಗಿ ಉಳಿದಿರುವ ಗುರುತು ಭಾಷೆಯೊಂದೇ. ‘ರಾಯರು ಬಂದರು’ ಅಂದರೆ ಸಾಕು, ಆ ‘ರಾಯರು’ ಎಂಬ ಮನೆಮಾತಿನಲ್ಲೇ ಕೆ.ಎಸ್. ನರಸಿಂಹಸ್ವಾಮಿಯವರ ಇಡೀ ಸಂಸಾರ ಇದೆ. ‘ಕೋಡಗನ ಕೋಳಿ ನುಂಗಿತ್ತ’ದ ಆ ‘ತ್ತ’ದಲ್ಲಿ ಶಿಶುನಾಳ ಇದೆ. ಈ ಸುಳಿವನ್ನು ಕಣ್ಣುಮುಚ್ಚಿ ನಂಬುವ ಹಾಗೂ ಇಲ್ಲ. ‘ಯೇಳ್ಕೊಳ್ಳಾಕ್ ಒಂದೂರು’ ಎಂದ ಕೂಡಲೇ ಒಬ್ಬ ಕುಡುಕ ಕಣ್ಣೆದುರು ನಿಲ್ಲುತ್ತಾನೆ. ಬರೆದ ಜಿ.ಪಿ. ರಾಜರತ್ನಂ ಹೆಂಡ ಮುಟ್ಟದ ಕನ್ನಡ ಮೇಷ್ಟ್ರು, ‘ನಾಯಿಮರಿ ನಾಯಿಮರಿ’ ಬರೆದವರೂ ಅವರೇ. ಆ ಭಾಷೆ ರತ್ನನದು, ರಾಜರತ್ನಂ ಅವರದ್ದಲ್ಲ. ಕವಿ ಬೇರೆ, ಕವಿತೆಯಲ್ಲಿ ಮಾತಾಡುವವನು ಬೇರೆ ಎಂಬ ಪಾಠವನ್ನು ಇದಕ್ಕಿಂತ ಸುಲಭವಾಗಿ ಯಾವ ವಿಮರ್ಶೆಯೂ ಕಲಿಸಲಾರದು.

ಈ ಆಟದ ಅತ್ಯಂತ ಒಳ್ಳೆಯ ಚೀಟಿ ‘ಯಾವ ಮೋಹನ ಮುರಳಿ’. ಸಿನಿಮಾ ಬದಿಗಿಡಿ ಎಂದಾಗ ಬಂದ ಊಹೆಗಳು ಪು.ತಿ.ನ., ಬೇಂದ್ರೆ, ಕೆ.ಎಸ್.ನ. ಮೋಹನ, ಮುರಳಿ, ದೂರದ ತೀರ, ಎಲ್ಲ ನವೋದಯದ ಸಾಮಾನು. ಗೋಪಾಲಕೃಷ್ಣ ಅಡಿಗರ ಹೆಸರನ್ನು ಯಾರೂ ಹೇಳಲಿಲ್ಲ. ಹೇಗೆ ಹೇಳಬೇಕು? ಪಠ್ಯಪುಸ್ತಕದ ಪ್ರಕಾರ ಅಡಿಗರೆಂದರೆ ನವ್ಯ, ‘ಚಂಡೆಮದ್ದಳೆ’, ‘ಭೂಮಿಗೀತ’, ಅರ್ಥವಾಗದ ಕವಿ. ಈ ಹಾಡು ಎಲ್ಲರಿಗೂ ಅರ್ಥವಾಗುತ್ತದೆ, ಆದ್ದರಿಂದ ಅಡಿಗರದ್ದಲ್ಲ!

ಅವರದ್ದೇ ಎಂದು ಗೊತ್ತಾದ ಮೇಲೆ ಎರಡು ಸಂಗತಿ ಆಗುತ್ತವೆ. ಮೊದಲನೆಯದು, ಹಾಡು ಬದಲಾಗುತ್ತದೆ. ಸಿನಿಮಾದಲ್ಲಿ ಅದು ಅಮೆರಿಕಕ್ಕೆ ಹೋದವರ ಹಾಡು. ಊರು ಬಿಟ್ಟ ನಾವೆಲ್ಲ ಅದನ್ನು ನಮ್ಮ ಕತೆ ಎಂದೇ ಕೇಳಿ ಕಣ್ಣು ಒದ್ದೆ ಮಾಡಿಕೊಂಡಿದ್ದೇವೆ. ಆದರೆ ಅಡಿಗರು ಬರೆದಾಗ ನಮ್ಮ ವೀಸಾ, ಆನ್‌ಸೈಟ್ ಯಾವುದೂ ಇರಲಿಲ್ಲ. ಕೈಯಲ್ಲಿ ಇರುವುದು ಸಾಲದೆ, ಇಲ್ಲದ್ದರ ಕಡೆಗೆ ಎಳೆಯುವ ಮನಸ್ಸಿನ ಬಗ್ಗೆ ಆ ಕವಿತೆ ಕೇಳುತ್ತಿದೆ. ಮನೆಯಂಗಳದಲ್ಲೇ ಕೂತವನಿಗೂ ಆ ಕರೆ ಕೇಳಿಸೀತು. ಅದು ನಮ್ಮ ವಲಸೆಯನ್ನು ಸಮಾಧಾನಪಡಿಸುವ ಕವಿತೆ ಅಲ್ಲ, ಯಾಕೆ ಹೊರಟೆ ಎಂದು ವಿಚಾರಿಸುವ ಕವಿತೆ. ಇಷ್ಟು ವರ್ಷ ಅದನ್ನು ನಾನು ತಲೆಕೆಳಗಾಗಿ ಕೇಳಿದ್ದೆ.

ಎರಡನೆಯದು, ಅಡಿಗರು ಬದಲಾಗುತ್ತಾರೆ. ‘ಭೂಮಿಗೀತ’ದಲ್ಲೂ ಮನುಷ್ಯನಿಗೆ ಇದ್ದಲ್ಲಿ ನೆಲೆಯಿಲ್ಲ. ಹೆತ್ತ ಭೂಮಿಯೇ ಅವನಿಗೆ ಪೂರ್ತಿ ಮನೆಯಾಗುವುದಿಲ್ಲ, ಮೇಲಿನ ಸೆಳೆತವೂ ಬಿಡುವುದಿಲ್ಲ. ಹಿಂದೆ ಮುರಳಿಯ ಇಂಪಿನಲ್ಲಿ ಕೇಳಿದ್ದ ಪ್ರಶ್ನೆಯನ್ನೇ ಇಲ್ಲಿ ಒರಟಾಗಿ, ಸಿಟ್ಟಿನಿಂದ ಕೇಳುತ್ತಿದ್ದಾರೆ. ಲಯ ಬದಲಾಯಿತು, ಕಳವಳ ಅದೇ. ನವೋದಯದ ಅಡಿಗರನ್ನು ಒಂದು ಡಬ್ಬದಲ್ಲಿ, ನವ್ಯದ ಅಡಿಗರನ್ನು ಇನ್ನೊಂದರಲ್ಲಿ ಇಟ್ಟು ಮುಚ್ಚಳ ಹಾಕಿದವರು ನಾವು. ತಪ್ಪು ಊಹೆಯೊಂದು ಆ ಮುಚ್ಚಳ ತೆಗೆಯಿತು.

ಅಂದು ಪಾಯಸ ಕೊಡಲು ಬಂದಿದ್ದ ಪಕ್ಕದ ಮನೆಯ ಚೇಚಿ ಸ್ವಲ್ಪ ಹೊತ್ತು ಈ ಆಟ ನೋಡಿದರು. ಅವರಿಗೆ ‘ಮನುಷ್ಯನ್ ಮತಙ್ಙಳೆ’ ಅಂದೆ. “ವಯಲಾರ್” ಎಂಬ ಉತ್ತರ ಕಣ್ಣು ಮಿಟುಕಿಸುವಷ್ಟರಲ್ಲಿ ಬಂತು. ಇಲ್ಲಿನ ಹಿರಿಯರು ಹಳೆಯ ಹಾಡುಗಳನ್ನು ವಯಲಾರ್ ಹಾಡು, ಪಿ. ಭಾಸ್ಕರನ್ ಹಾಡು, ಓಎನ್‌ವಿ ಹಾಡು ಎಂದೇ ಹೇಳುತ್ತಾರೆ. ಕೆಲಸದ ಮೇಲೆ ತಿರುವನಂತಪುರಕ್ಕೆ ಹೋದಾಗ ಮಾನವೀಯಂ ವೀಥಿಯಲ್ಲಿ ವಯಲಾರರ ಪ್ರತಿಮೆಯ ಕೆಳಗೆ ಹುಡುಗರು ಗಿಟಾರ್ ಹಿಡಿದು ಕೂತದ್ದನ್ನು ನೋಡಿದ್ದೇನೆ. ಇಲ್ಲಿ ಕವಿಗಳು ಸಿನಿಮಾಕ್ಕೆಂದೇ ಬರೆದರು. ನಮ್ಮಲ್ಲಿ ಹೆಚ್ಚಾಗಿ ಸಿನಿಮಾದವರು ಪುಸ್ತಕದಿಂದ ಕವಿತೆಯನ್ನು ಎತ್ತಿಕೊಂಡರು. ಗೀತರಚನೆಗೆ ಕೊಡುವ ರಾಷ್ಟ್ರಪ್ರಶಸ್ತಿ 1972ರ ಸಾಲಿಗೆ ವಯಲಾರರಿಗೆ ಬಂದದ್ದು ಇದೇ ‘ಮನುಷ್ಯನ್ ಮತಙ್ಙಳೆ’ಗೆ, ಸಿನಿಮಾಕ್ಕಾಗಿ ಬರೆದದ್ದಕ್ಕೆ. 1991ರ ಸಾಲಿಗೆ ಅದೇ ಪ್ರಶಸ್ತಿ ಕೆ.ಎಸ್.ನ. ಅವರಿಗೆ ಬಂತು. ಆದರೆ ‘ಮೈಸೂರು ಮಲ್ಲಿಗೆ’ ಪುಸ್ತಕವಾಗಿ ಬಂದದ್ದು 1942ರಲ್ಲಿ!

ಕೇರಳವನ್ನು ತೀರಾ ಹೊಗಳುವುದೂ ಬೇಡ. ಅದೇ ಪ್ರಶ್ನೆಗೆ ಚೇಚಿಯ ಮಗ “ಯೇಸುದಾಸ್” ಅಂದ. ಆಕಾಶವಾಣಿಯಲ್ಲಿ ಹಾಡಿನ ಜೊತೆ ಬರೆದವರ ಹೆಸರನ್ನೂ ಕೇಳಿಕೊಂಡು ಬೆಳೆದವರು ಒಂದು ಕಡೆ, ಆ್ಯಪಿನಲ್ಲಿ ಸಿನಿಮಾ ಪೋಸ್ಟರ್ ನೋಡುತ್ತ ಕೇಳುವವರು ಇನ್ನೊಂದು ಕಡೆ. ಅವನ ಮಟ್ಟಿಗೆ ವಯಲಾರ್, ನನ್ನ ಮಗಳ ಮಟ್ಟಿಗೆ ರಾಜರತ್ನಂ, ಇಬ್ಬರೂ ಒಂದೇ ರೀತಿ ಕಾಣೆಯಾಗಿದ್ದಾರೆ.

ಕೊನೆಯ ಚೀಟಿ ‘ಬೆಂಕಿ ಬಿದ್ದಿದೆ ಮನೆಗೆ’. ಯಾರೂ ಬಾಯಿ ಬಿಡಲಿಲ್ಲ. ಯಾವುದೋ ಕ್ರಾಂತಿಗೀತೆ, ಸಿದ್ಧಲಿಂಗಯ್ಯ ಇರಬಹುದು ಎಂದರೊಬ್ಬರು. ಆಗ ಸೋಫಾದ ತುದಿಯಲ್ಲಿ ಅರೆನಿದ್ದೆಯಲ್ಲಿದ್ದ ಗೆಳೆಯನೊಬ್ಬನ ತಾಯಿ ಕಣ್ಣು ಬಿಟ್ಟರು. ಬದಿಯಡ್ಕದ ಕಡೆಯವರು.

“ಅದು ನಮ್ಮ ಕಯ್ಯಾರರದ್ದಲ್ವಾ ಮಗಾ?” ಅಂದರು.

ಕಯ್ಯಾರ ಕಿಞ್ಞಣ್ಣ ರೈ, 1915ರಿಂದ 2015ರವರೆಗೆ ಬದುಕಿದ ಶತಾಯುಷಿ, ಪೆರಡಾಲದಲ್ಲಿ ಮೇಷ್ಟ್ರಾಗಿದ್ದವರು. ಕಾಸರಗೋಡು ಕೇರಳಕ್ಕೆ ಸೇರಿದ ಸಂಕಟದಲ್ಲಿ ಬರೆದದ್ದು ಆ ಹಾಡು. ಅದು ಜಾರಿಗೆ ಬಂದದ್ದೂ ನವೆಂಬರ್ ಒಂದರಂದೇ, ನಾವು ಬಿಸಿಬೇಳೆಬಾತ್ ತಿಂದು ಆಚರಿಸುತ್ತಿದ್ದ ಅದೇ ದಿನ. ಮಂಜೇಶ್ವರದ ಗೋವಿಂದ ಪೈಗಳ ಊರೂ, ಕಯ್ಯಾರರ ಊರೂ ಇರುವುದು ನಾನು ಈಗ ತೆರಿಗೆ ಕಟ್ಟುತ್ತಿರುವ ಈ ರಾಜ್ಯದಲ್ಲೇ. ಹದಿಮೂರು ವರ್ಷದಿಂದ ಕೇರಳದಲ್ಲಿದ್ದೇನೆ. ನನಗೆ ಅದು ಇಪ್ಪತ್ತನೇ ಪ್ರಶ್ನೆ, ಆ ಅಮ್ಮನಿಗೆ ಅವರ ಮನೆ. ಕವಿಯ ಹೆಸರು ಬಿದ್ದುಹೋದರೆ ಆ ಹಾಡಿನಿಂದ ಕಾಸರಗೋಡೂ ಬಿದ್ದುಹೋಗುತ್ತದೆ. ಉಳಿಯುವುದು ಯಾರದೋ ಮನೆ, ಯಾವುದೋ ಬೆಂಕಿ.

ಮುಂದಿನ ನವೆಂಬರಿಗೂ ಚೀಟಿ ಮಾಡುತ್ತೇನೆ. ಉತ್ತರ ಬಂದ ಮೇಲೆ ಅಂಕ ಹಾಕಿ ಮುಂದಕ್ಕೆ ಹೋಗುವ ಬದಲು, ಪುಸ್ತಕದಲ್ಲಿರುವ ಶೀರ್ಷಿಕೆ ಹೇಳಿ ಇಡೀ ಕವಿತೆಯನ್ನು ಒಮ್ಮೆ ಓದುವುದು ಎಂದು ಮಾತಾಗಿದೆ. ಮೊದಲ ಚೀಟಿ ಕರ್ಕಿಯವರದ್ದು. ಉತ್ತರಪತ್ರಿಕೆಯನ್ನು ಈ ಸಲ ಆ ಹುಬ್ಬಳ್ಳಿ ಹುಡುಗಿ ನೋಡುತ್ತಾಳೆ.